ಉಷ್ಣವೆಂದು ಕುಡಿಸಿದ ಕಬ್ಬಿನ ಹಾಲು

ಸಿದ್ದಾಪುರದಲ್ಲಿ ಬಸ್ಸು ಬದಲಿಸಿ ಅಕ್ಕನ ಊರಾದ ಕೋಲಸಿರ್ಸಿಯ ದಾರಿ ಹಿಡಿದಿದ್ದೆ. ಕಿಟಕಿಯಿಂದ ಆಲೆಮನೆಯ ವಾಸನೆ ಒಳಗೆ ಬಂತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಇನ್ನೇನು ಬೆಲ್ಲವಾಗಬೇಕು ಎನ್ನುವಾಗ ಬರುವ, ಸ್ವಲ್ಪ ಹೊಗೆ ಬೆರೆತ ಸಿಹಿ ವಾಸನೆ. ನನ್ನ ಪಕ್ಕ ತೂಕಡಿಸುತ್ತಿದ್ದವರು ಕೂಡ ಮೂಗರಳಿಸಿ ಎಚ್ಚರಾದರು. ಮೊದಲಾಗಿದ್ದರೆ ನಾನು ಅಲ್ಲೇ ಅವರಿಗೊಂದು ಕಥೆ ಹೇಳಲು ಶುರುಮಾಡುತ್ತಿದ್ದೆ. ಈಗ ಸುಮ್ಮನಿದ್ದೆ. ಯಾಕೆಂದು ನಿಮಗೆ ಹೇಳಬೇಕು.

ನಾನು ಶಿರಸಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಧಾರವಾಡದಲ್ಲಿ ಓದಿ ಬಂದಾಗ ಅಲ್ಲಿಂದ ಹೊತ್ತು ತಂದದ್ದು ಒಂದು ಪದವಿ ಮತ್ತು ಒಂದು ಕೆಟ್ಟ ಚಾಳಿ. ಯಾರು ಏನೇ ಹೇಳಲಿ, 'ಪುರಾವೆ ಏನು?' ಎಂದು ಕೇಳುವುದು. ಮದುವೆ ಮನೆಯಲ್ಲಿ ಸಾರು ಚೆನ್ನಾಗಿದೆ ಎಂದವರನ್ನೂ ಹಾಗೆ ಕೇಳಿ ಬೈಸಿಕೊಂಡಿದ್ದೇನೆ. ಆದರೆ ಪುರಾವೆ ಕೇಳದೆ ನಾನು ಏಳು ವರ್ಷ ನಂಬಿದ ಒಂದು ಸಂಗತಿ ಇತ್ತು. ಅದು ನನ್ನದೇ ನೆನಪು.

ನನ್ನಕ್ಕನ ಹಿರಿಮಗಳು ಚೈತ್ರಾಗೆ ಏಳು ವರ್ಷವಿದ್ದಾಗ ಟೈಪ್ ಒನ್ ಸಕ್ಕರೆ ಕಾಯಿಲೆ ಕಾಣಿಸಿತು. ಆಗಲೂ ಆಲೆಮನೆಯ ದಿನಗಳೇ. ಹುಡುಗಿ ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು, ಗಳಿಗೆಗೊಮ್ಮೆ ಬಚ್ಚಲಿಗೆ ಓಡುತ್ತಿದ್ದಳು, ಕಣ್ಣೆದುರೇ ಸೊರಗುತ್ತಿದ್ದಳು. ಈ ಸೀಮೆಯಲ್ಲಿ ಇಂಥದ್ದಕ್ಕೆಲ್ಲ ಹೆಸರು ಒಂದೇ: ಉಷ್ಣ. ಬಾಯಿಹುಣ್ಣಾದರೆ ಉಷ್ಣ, ಕಣ್ಣುರಿದರೆ ಉಷ್ಣ, ಗಣಿತದಲ್ಲಿ ಅಂಕ ಕಡಿಮೆ ಬಂದರೂ ತಲೆಗೆ ಉಷ್ಣ ಏರಿದೆ ಎನ್ನುವವರಿದ್ದಾರೆ. ಉಷ್ಣಕ್ಕೆ ತಂಪು ಕೊಡಬೇಕು. ಕಬ್ಬಿನ ಹಾಲಿಗಿಂತ ತಂಪು ಯಾವುದಿದೆ? ಹಾಗಾಗಿ ಮಗುವಿಗೆ ಒಂದು ವಾರ ಬೆಳಿಗ್ಗೆ ಸಂಜೆ ಕಬ್ಬಿನ ಹಾಲು. ಕುಡಿದಷ್ಟೂ ಬಾಯಾರಿಕೆ, ಬಾಯಾರಿದಷ್ಟೂ ಇನ್ನೊಂದು ಲೋಟ. ಕೊನೆಗೆ ವಾಂತಿ, ಏದುಸಿರು, ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ದೊಡ್ಡಾಸ್ಪತ್ರೆ. ಮಗು ಬದುಕಿದ್ದೇ ಹೆಚ್ಚು.

ನನ್ನ ಕಥೆಯಲ್ಲಿ ಕಬ್ಬಿನ ಹಾಲು ಕುಡಿಸಿದವಳು ಅಕ್ಕ. 'ಇದು ಉಷ್ಣವಲ್ಲ, ಸಕ್ಕರೆ ಪರೀಕ್ಷೆ ಮಾಡಿಸಿ' ಎಂದು ಅಬ್ಬರಿಸಿದವನು ನಾನು. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಅಕ್ಕನ ಮನೆಯ ಜಗುಲಿಯಲ್ಲಿ ಆಕೆಯ ಎದುರಿಗೇ ಇದನ್ನು ಎಷ್ಟು ಸಲ ಹೇಳಿದ್ದೇನೋ. ಹೇಳುವಾಗ ಅಕ್ಕ ಒಳಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಸುಮ್ಮನೆ ಕೂರಲಾಗದ ಹೆಂಗಸು ಎಂದುಕೊಂಡಿದ್ದೆ.

ಕಳೆದ ವರ್ಷ ಒಂದು ವೈದ್ಯಕೀಯ ಕಾಲೇಜಿನವರು ಶಿರಸಿಯಲ್ಲಿ ಶಿಬಿರ ಮಾಡುವ ಸುದ್ದಿ ಬಂತು. ಈ ಕಾಯಿಲೆಯಿರುವ ಮಕ್ಕಳ ಅಣ್ಣತಮ್ಮ, ಅಕ್ಕತಂಗಿಯರ ರಕ್ತ ತೆಗೆದು, ಮುಂದೆ ಇವರಿಗೂ ಬರುವ ಸಂಭವ ಎಷ್ಟು ಎಂದು ನೋಡುವ ಸಂಶೋಧನೆ. ನಾನು ಹಿಗ್ಗಿಹೋದೆ. ಚೈತ್ರಾಳ ತಂಗಿ ಇಂಚರಳಿಗೆ ಆಗ ಎಂಟು ವರ್ಷ. ಕೂಡಲೇ ಅಕ್ಕನಿಗೆ ಫೋನು ಮಾಡಿದೆ.

"ಬ್ಯಾಡ ತಮ್ಮಾ," ಎಂದಳು.

"ಯಾಕೆ?"

"ಮದ್ದಿಲ್ಲದ್ದನ್ನ ಮೊದಲೇ ತಿಳ್ಕಂಡು ಎಂತ ಮಾಡುದು? ಬಪ್ಪದಾದ್ರೆ ಬತ್ತದೆ. ನೀ ನಿನ್ನ ಕಾಲೇಜು ನೋಡ್ಕ."

ನನ್ನೊಳಗಿನ ಮೇಷ್ಟ್ರು ಬಿಡಬೇಕಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿ ಹೋಗಿ, ಅವಳು ಅಕ್ಕಿ ಆರಿಸುತ್ತಿದ್ದ ಮೊರದ ಎದುರು ಕೂತು ಪಾಠ ಮಾಡಿದೆ. ಮೈಯೊಳಗೆ ಕಾವಲುಗಾರರಿರುತ್ತಾರೆ. ಹೊರಗಿನ ರೋಗಾಣು ಬಂದರೆ ಗುರುತು ಹಿಡಿದು ಹೊಡೆಯುವುದು ಅವರ ಕೆಲಸ. ಕೆಲವರಲ್ಲಿ ಅವರಿಗೆ ಗುರುತು ತಪ್ಪುತ್ತದೆ. ಇನ್ಸುಲಿನ್ ಮಾಡುವ ಸ್ವಂತ ಮನೆಯವರನ್ನೇ ಕಳ್ಳರೆಂದು ತಿಳಿದು ಬಡಿಯುತ್ತಾರೆ. ಆ ತಪ್ಪಿನ ಸುಳಿವು ರಕ್ತದಲ್ಲಿ ಸಿಗುತ್ತದೆ. ಅದನ್ನು ಸ್ವಪ್ರತಿಕಾಯ ಎನ್ನುತ್ತಾರೆ. ಬಾಯಾರಿಕೆ ಶುರುವಾಗುವ ತಿಂಗಳುಗಳ, ಎಷ್ಟೋ ಸಲ ವರ್ಷಗಳ ಮೊದಲೇ ಅದು ಅಲ್ಲಿರುತ್ತದೆ. ಒಂದೇ ಬಗೆಯದು ಸಿಕ್ಕರೆ ಕಾದು ನೋಡುವುದು. ಎರಡೋ ಹೆಚ್ಚೋ ಸಿಕ್ಕರೆ ಕಾಯಿಲೆ ಇಂದಲ್ಲ ನಾಳೆ ಬರುವ ಸಂಭವ ಬಹಳ. ತಡೆಯಲು ಆಗದಿದ್ದರೂ, ಮಗು ಏದುಸಿರು ಬಿಡುವವರೆಗೆ ಕಾಯಬೇಕಾಗಿಲ್ಲ.

ಅಕ್ಕ ಒಂದು ಕಲ್ಲು ಆರಿಸಿ ಎಸೆದಳು. "ಈ ಸಲ ಬಂದ್ರೆ ಮತ್ತೆ ನಂದೇ ತಪ್ಪು ಅಂತೀಯಲಾ," ಎಂದಳು.

ನಾನು ಆ ಮಾತನ್ನು ಕೇಳಿಸಿಕೊಂಡೆ. ಅರ್ಥ ಮಾಡಿಕೊಳ್ಳಲಿಲ್ಲ. ಅವಳನ್ನು ಒಪ್ಪಿಸಿದ್ದು ನಾನಲ್ಲ, ಚೈತ್ರಾ. "ನೋಡಿಕೊಂಡಾದ್ರೂ ಬರುವಾ ಅಮ್ಮಾ, ರಕ್ತ ಕೊಡುದು ಬಿಡುದು ಆಮೇಲೆ," ಎಂದು ಹೊರಡಿಸಿದಳು.

ಶಿಬಿರದಲ್ಲಿ ಅರ್ಜಿ ತುಂಬಿಸಿಕೊಳ್ಳುತ್ತಿದ್ದವರು ಬನವಾಸಿಯಿಂದಾಚೆ, ಹಾವೇರಿ ಕಡೆಯ ಹೆಣ್ಣುಮಗಳು. "ಬರ್ರಿ, ಕುಂದರ್ರಿ. ದೊಡ್ಡ ಹುಡುಗಿಗೆ ನೀರಡಿಕಿ ಯಾವಾಗಿಂದ ಸುರು ಆತು? ಮೊದಲ ಯಾರು ಗುರುತಿಸಿದ್ರಿ?" ಎಂದರು.

ಏಳು ವರ್ಷದಿಂದ ಇದೇ ಪ್ರಶ್ನೆಗಾಗಿ ಕಾದಿದ್ದವನಂತೆ ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಕಬ್ಬಿನ ಹಾಲಿನವರೆಗೆ ಬಂದಿದ್ದೆ. ಚೈತ್ರಾ ನಕ್ಕುಬಿಟ್ಟಳು.

"ಮಾವಾ, ಆ ಹಾಲು ತಂದದ್ದು ನೀನೇ ಅಲ್ದನಾ?"

"ನಾನಾ?"

"ಕ್ಯಾನಲ್ಲಿ ತಂದಿ. ಕಾಲೇಜಿಗೆ ರಜೆ ಹಾಕಿ ಬಂದಿದ್ದಿ."

"ಪುರಾವೆ ಏನು?" ಎಂದೆ. ಬಾಯಿಗೆ ಬಂದದ್ದೇ ಅದು.

ಹುಡುಗಿ ಫೋನು ತೆಗೆದು, ತನ್ನ ಅಪ್ಪನ ಹಳೆಯ ಫೋನಿನಿಂದ ಉಳಿಸಿಕೊಂಡಿದ್ದ ಚಿತ್ರಗಳನ್ನು ಸರಿಸುತ್ತ ಹೋದಳು. ಒಂದು ಚಿತ್ರ ಮೇಜಿನ ಮೇಲಿಟ್ಟಳು. ಮೂಳೆ ಕಾಣುವ ಕತ್ತಿನ ಪುಟ್ಟ ಚೈತ್ರಾ. ಅವಳ ಲೋಟಕ್ಕೆ ತಂಬಿಗೆಯಿಂದ ಕಬ್ಬಿನ ಹಾಲು ಹೊಯ್ಯುತ್ತ, ಮೀಸೆಯ ಮೇಲೆ ನೊರೆ ಅಂಟಿಸಿಕೊಂಡು, ಲೋಕಕ್ಕೇ ಉಪಕಾರ ಮಾಡುವವನಂತೆ ನಗುತ್ತಿರುವ ನಾನು. ಹಿಂದೆ ಬಾಗಿಲಲ್ಲಿ ಅಕ್ಕ. ಅವಳ ಮುಖದಲ್ಲಿ ನಗೆಯಿಲ್ಲ.

"ಎಂಥ ಉಷ್ಣನೋ ಎಂತೋ, ಡಾಕ್ಟ್ರಿಗೆ ತೋರ್ಸುವಾ ಅಂತ ನಾ ಹೇಳಿದ್ದೆ," ಅಕ್ಕ ಮೆಲ್ಲಗೆ ಹೇಳಿದಳು. "ನೀ ಓದಿದವ. ಒಂದು ವಾರ ತಂಪು ಕೊಡು, ಸರಿಯಾಗ್ತದೆ ಅಂದಿ. ಆಮೇಲೆ ನೀ ಊರ ತುಂಬಾ ಬೇರೆ ಹೇಳುಕೆ ಶುರು ಮಾಡಿದಿ. ಕೇಳಿ ಕೇಳಿ ನಂಗೂ ಹೌದೇನೋ ಅನ್ನಿಸ್ತು. ನಾನೇ ಕುಡಿಸಿ ಕಾಯಿಲೆ ತಂದೆ ಅಂತ."

ವಾಂತಿಯಾದ ಬೆಳಿಗ್ಗೆ ಮಗುವನ್ನು ಬೈಕಿನ ಮೇಲೆ ನಡುವೆ ಕೂರಿಸಿ, ಗಂಡನನ್ನು ಅವಸರಪಡಿಸಿ ಆಸ್ಪತ್ರೆಗೆ ಒಯ್ದವಳೂ ಅವಳೇ. ಆಗ ನಾನು ಶಿರಸಿಯಲ್ಲಿ ಪಾಠ ಮಾಡುತ್ತಿದ್ದೆ. ಇದೂ ಅಂದೇ ತಿಳಿಯಿತು, ಅಥವಾ ನೆನಪಾಯಿತು. ಯಾವುದೆಂದು ಆಣೆಯಿಟ್ಟು ಹೇಳಲಾರೆ. ಕಾವಲುಗಾರರಿಗೆ ಗುರುತು ತಪ್ಪುವುದರ ಬಗ್ಗೆ ಪಾಠ ಮಾಡಿದವನು, ನನ್ನ ಸ್ವಂತ ಅಕ್ಕನನ್ನೇ ಏಳು ವರ್ಷ ಬಡಿದಿದ್ದೆ.

ಅರ್ಜಿಯ ಹೆಣ್ಣುಮಗಳು ಪೆನ್ನು ಕೆಳಗಿಟ್ಟು ಅಕ್ಕನ ಕಡೆ ತಿರುಗಿದರು. "ಕಬ್ಬಿನ ಹಾಲು ಕುಡದ್ರ ಈ ಬ್ಯಾನಿ ಬರಂಗಿಲ್ರಿ ಅಕ್ಕಾರ. ಅದು ರಕ್ತದಾಗ ಮೊದಲ ಸುರು ಆಗಿರ್ತೈತಿ. ಬ್ಯಾನಿ ಇದ್ದಾಗ ಕುಡದಿದ್ದಕ್ಕ ಸಕ್ಕರಿ ಇನ್ನಷ್ಟು ಏರಿರಬಹುದು, ಅದು ಬ್ಯಾರೆ. ಬ್ಯಾನಿ ತಂದದ್ದು ನೀವೂ ಅಲ್ಲ, ಇವರೂ ಅಲ್ಲ."

"ಇವರೂ ಅಲ್ಲ," ಎಂದೆ ನಾನು ಆಸೆಯಿಂದ.

"ನೀ ಸುಮ್ನಿರು," ಎಂದಳು ಅಕ್ಕ. ಆಮೇಲೆ ಚಿತ್ರದಲ್ಲಿದ್ದ ನನ್ನ ನೊರೆಮೀಸೆಯನ್ನು ಇನ್ನೊಮ್ಮೆ ನೋಡಿದಳು. ನಗು ಮೊದಲು ಮೂಗಿನಲ್ಲಿ ಬಂತು, ಮತ್ತೆ ತಡೆಯಲಾಗದೆ ಸೆರಗು ಬಾಯಿಗೆ ಹಿಡಿದಳು. ಕಣ್ಣೊರೆಸಿಕೊಂಡು, "ಕೂಸೇ, ಕೈ ನೀಡು," ಎಂದು ಇಂಚರಳನ್ನು ಮುಂದೆ ತಳ್ಳಿದಳು.

ಫಲಿತಾಂಶ ಬಂದಾಗ ಇಂಚರಳ ರಕ್ತದಲ್ಲಿ ಒಂದು ಬಗೆಯ ಸ್ವಪ್ರತಿಕಾಯ ಸಿಕ್ಕಿತ್ತು. ಒಂದೇ. ಆಗಾಗ ಮತ್ತೆ ಪರೀಕ್ಷೆ ಮಾಡಿಸುತ್ತಿರಿ, ಬಾಯಾರಿಕೆಯ ಮೇಲೆ ಕಣ್ಣಿರಲಿ ಎಂದರು. ಬರಬಹುದು, ಬಾರದೆಯೂ ಇರಬಹುದು. ಸಂಭವನೀಯತೆ ಕಲಿಸುವ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕ ಚೆನ್ನಾಗಿ ಮಲಗಿದಳಂತೆ. "ಈ ಸಲ ಗೊತ್ತುಂಟಲಾ, ಎಂತ ನೋಡುದು ಅಂತ," ಎಂದಳು.

ಈ ವರ್ಷ ಕೋಲಸಿರ್ಸಿಯಲ್ಲಿ ಬಸ್ಸಿಳಿದು ಆಲೆಮನೆಗೆ ಬಂದಾಗ ಎಲ್ಲರೂ ಅಲ್ಲಿದ್ದರು. ಚೈತ್ರಾ ವೈದ್ಯರು ಕಲಿಸಿದಂತೆ ಅರ್ಧ ಲೋಟಕ್ಕೆ ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಿಕೊಂಡು, ಮಂಡಕ್ಕಿ ಮೆಲ್ಲುತ್ತಿದ್ದಳು. ಇಂಚರ ಒಂದು ಲೋಟ ಮುಗಿಸಿ ಮತ್ತೆ ಚಾಚಿದಳು. ಎಲ್ಲರ ಕೈ ಒಂದು ಕ್ಷಣ ನಿಂತಿತು.

"ಬಾಯಾರಿಕೆಯನಾ, ಆಸೆಯನಾ?" ಅಕ್ಕ ಕೇಳಿದಳು.

"ಆಸೆ!" ಎಂದಳು ಹುಡುಗಿ, ಇದೆಂಥ ಪ್ರಶ್ನೆ ಎಂಬಂತೆ.

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಂಬಿಗೆಯನ್ನು ನನ್ನ ಕಡೆ ನೀಡಿದಳು. "ಹೊಯ್ಯಿ, ಓದಿದವನೇ."

"ಚೈತ್ರಾ, ಮೊದಲು ಫೋಟೊ ತೆಗಿ," ಎಂದೆ. ಅವಳು ಫೋನು ಎತ್ತುವವರೆಗೂ ತಂಬಿಗೆಯನ್ನು ಬಗ್ಗಿಸದೆ ಹಿಡಿದುಕೊಂಡು ನಿಂತೆ.