ಗೋಲು ಹೊಡೆಯದ ಅಯಿಕ್ವೇ

ಚೋರ್ಕೊರ್‌ನ ಕಡಲ ಕೇರಿಯಲ್ಲಿ ಅಯಿಕ್ವೇ ಯಾರೆಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಮೆಕ್ಕೆಜೋಳದ ಹಿಟ್ಟು ಬೇಯಿಸಿ ಕೆಂಕೆ ಉಂಡೆ ಮಾರುವ ಅಡೋಲೆಯ ಮಗ ಎಂದರೆ ಮಾತ್ರ ‘ಓ, ಅವನಾ’ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಪರದೇಶಗಳಲ್ಲಿ ಫುಟ್‌ಬಾಲ್ ಆಡಿ ಸಂಬಳ ಎಣಿಸುವವನಿಗೆ ಹುಟ್ಟಿದ ಕೇರಿಯಲ್ಲಿ ಇರುವ ಬೆಲೆ ಇಷ್ಟೇ. ಅವನು ಗೋಲು ಹೊಡೆಯುವುದಿಲ್ಲವಲ್ಲ!

ಇಪ್ಪತ್ತೆರಡಕ್ಕೆ ಅಲ್ಬೇನಿಯಾಕ್ಕೆ ಹೋದ. ಅಲ್ಲಿಂದ ಸೈಪ್ರಸ್ಸು, ಈಗ ಮಾಲ್ಟಾ. ಎಲ್ಲ ಕಡೆಯೂ ಡಿಫೆಂಡರ್, ತಂಡದ ಬೆನ್ನಿಗೆ ನಿಲ್ಲುವವನು. ಪತ್ರಿಕೆಯಲ್ಲಿ ಒಮ್ಮೆ ಹೆಸರು ಬಂದಿತ್ತು, ಅದೂ ಕಾಲು ಮುರಿದುಕೊಂಡಾಗ. ಹಾಗಾದರೆ ಅಲ್ಲಿ ಅವನು ಮಾಡುವುದಾದರೂ ಏನು? ಅಡೋಲೆಗೆ ಇದು ಬಿಡಿಸಲಾಗದ ಒಗಟು.

“ನೀನು ಮಾಡೋ ಕೆಲ್ಸ ಏನಪ್ಪಾ, ನನಗೆ ಅರ್ಥ ಆಗೋ ಹಾಗೆ ಹೇಳು” ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದಳು.

“ಏನೂ ಆಗದ ಹಾಗೆ ನೋಡ್ಕೊಳ್ಳೋದಮ್ಮ.”

“ಏನೂ ಆಗದೇ ಇರೋದಕ್ಕೆ ಸಂಬಳ ಕೊಡ್ತಾರಾ? ಅವರಿಗೆ ತಲೆ ನೆಟ್ಟಗಿದೆಯಾ?”

ಅವನು ನಕ್ಕು ಸುಮ್ಮನಾಗಿದ್ದ. ಅವನ ಸ್ವಭಾವವೇ ಅದು, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ಮನೆಯಲ್ಲಿ ಅವನು ದನಿ ಎತ್ತಿದ್ದನ್ನು ಹೆತ್ತವಳೂ ಕೇಳಿಲ್ಲ.

ಈ ವರ್ಷ ಮಾತು ಬೇರೆಯಾಯಿತು. ಅಡೋಲೆಯ ಗಂಡ ತೀರಿಕೊಂಡ ಮೇಲೆ ಮನೆತನದ ದೋಣಿ ಭಾವ ಕ್ಪಾಕ್ಪೊನ ಕೈಯಲ್ಲಿತ್ತು. ಈಗ ಅವನಿಗೂ ಎಪ್ಪತ್ತು, ಚುಕ್ಕಾಣಿ ಹಿಡಿದರೆ ಕೈ ನಡುಗುತ್ತದೆ.

“ದೋಣಿಗೆ ತಾಂಡೇಲ ಬೇಕು ಅಡೋಲೆ, ಮುಂದೆ ನಿಂತು ನಡೆಸೋನು. ನಿನ್ನ ಮಗನ್ನ ಕರಿಸು. ಹನ್ನೊಂದು ವರ್ಷದಲ್ಲಿ ಒಂದು ಗೋಲಿಲ್ಲ, ಇನ್ಯಾವ ಕಾಲಕ್ಕೆ ಹೊಡೀತಾನೆ? ಬಲೆಯಾದ್ರೂ ಎಳೀಲಿ” ಎಂದ ಕ್ಪಾಕ್ಪೊ.

ಅಡೋಲೆ ಇದನ್ನು ಫೋನಿನಲ್ಲಿ ತಿಳಿಸಿದಾಗ ಅಯಿಕ್ವೇಯ ಉತ್ತರ ಇಷ್ಟೇ: “ಶನಿವಾರದ ಪಂದ್ಯ ಸೋಲದಿದ್ರೆ ಕ್ಲಬ್ಬಿನವರು ಇನ್ನೆರಡು ವರ್ಷ ಇಟ್ಕೋತಾರೆ. ಆದ್ರೆ ನೀನು ಬಾ ಅಂದ್ರೆ ಬರ್ತೀನಮ್ಮ, ಸೋತ್ರೂ ಸರಿ, ಗೆದ್ರೂ ಸರಿ.”

ಅಡೋಲೆಗೆ ಮಗ ಬೇಕಿತ್ತು. ಎರಡು ವರ್ಷಕ್ಕೊಮ್ಮೆ ಬಂದು ಹದಿನೈದು ದಿನ ಇದ್ದು ಹೋಗುವ ನೆಂಟ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ, ಶುಕ್ರವಾರ ಕೆಂಕೆಯ ಹಿಟ್ಟು ಕಲಸುತ್ತಾ ಅವನ ತಂಡ ಸೋಲಲಿ ಎಂದೇ ಬೇಡಿಕೊಂಡಳು. ಬೇಡಿಕೊಂಡ ಮೇಲೆ ತನ್ನ ಮೇಲೇ ಅಸಹ್ಯಪಟ್ಟಳು.

ಶನಿವಾರ ಮಧ್ಯಾಹ್ನ ಮಗಳು ಅಯೆಲೆ ತನ್ನ ಫೋನನ್ನು ಟೀವಿಗೆ ಜೋಡಿಸಿದಳು. ಆ ಸಣ್ಣ ಕ್ಲಬ್ಬು ತನ್ನ ಪಂದ್ಯವನ್ನು ತಾನೇ ತೋರಿಸುತ್ತಿದ್ದುದು ಅದೇ ಮೊದಲು. ಅಂಗಳದ ತುಂಬ ಜನ. ಆದರೆ ಒಬ್ಬರೂ ಪಿಟ್ಟೆನ್ನುವಂತಿಲ್ಲ. ಸುಗ್ಗಿಯ ಹೊಮೊವೊ ಹಬ್ಬಕ್ಕೆ ಜೋಳ ಬಿತ್ತಿಯಾಗಿತ್ತು, ಮೊಳಕೆಗೆ ಮೌನ ಬೇಕೆಂದು ಡೋಲು, ಶಿಳ್ಳೆ, ಕೂಗಾಟಕ್ಕೆಲ್ಲ ಒಂದು ತಿಂಗಳ ನಿಷೇಧ ಬಿದ್ದಿತ್ತು. ಬೇರೆ ದಿನವಾಗಿದ್ದರೆ ನಮ್ಮವರ ಗದ್ದಲದಲ್ಲಿ ಗುಡುಗೂ ಕೇಳುತ್ತಿರಲಿಲ್ಲ.

ಆ ಮೈದಾನದಲ್ಲೂ ಇನ್ನೂರು ಜನ ಇದ್ದರೆ ಹೆಚ್ಚು. ವರದಿ ಹೇಳುವವನೂ ಇಲ್ಲ. ಮೊದಲ ಕಾಲು ಗಂಟೆ ಎಲ್ಲರೂ ಚೆಂಡನ್ನೇ ನೋಡಿದರು. ಅಡೋಲೆ ಮಾತ್ರ ಕಣ್ಣು ಮುಚ್ಚಿ ಕುಳಿತಳು.

“ಏನಮ್ಮಾ, ನಿದ್ದೆನಾ?” ಎಂದು ಅಯೆಲೆ ಪಿಸುಗುಟ್ಟಿದಳು.

“ಶ್. ಯಾರೋ ಒಂದೇ ಸಮ ಕೂಗ್ತಿದಾರೆ. ಯಾರದು?”

“ಇನ್ಯಾರು, ನಮ್ಮಣ್ಣ.”

ಅಡೋಲೆ ಕಣ್ಣು ಬಿಟ್ಟಳು. ಮನೆಯಲ್ಲಿ ಬಾಯಿ ಸತ್ತವನಂತಿದ್ದ ಮಗ ಈ ಮೈದಾನದಲ್ಲಿ ಒಂದು ಗಳಿಗೆಯೂ ಬಾಯಿ ಮುಚ್ಚುತ್ತಿರಲಿಲ್ಲ. ಒಬ್ಬನಿಗೆ ಎಡಕ್ಕೆ ಸರಿ ಎನ್ನುವನು, ಇನ್ನೊಬ್ಬನ ಭುಜ ತಟ್ಟುವನು, ಗೋಲು ಕಾಯುವವನನ್ನು ಗದರುವನು. ಅಲ್ಲಿಯ ಭಾಷೆಯೇ ಹೆಚ್ಚು. ಎದುರಾಳಿಗಳು ನುಗ್ಗಿ ಬಂದಾಗ ಮಾತ್ರ ನಮ್ಮ ಗಾ ಭಾಷೆಯ ಮಾತು ಹೊರಬಿತ್ತು.

“ತಡೀರಿ... ತಡೀರಿ... ಈಗ!”

ಬಿಳಿಯರಿಬ್ಬರು, ಬ್ರೆಜಿಲ್‌ನವನೊಬ್ಬ, ಇವನು, ನಾಲ್ವರೂ ಒಟ್ಟಿಗೆ ಮುಂದಕ್ಕೆ ಹೆಜ್ಜೆ ಹಾಕಿದರು. ಎದುರಾಳಿ ಅವರ ಬೆನ್ನ ಹಿಂದೆ ಒಂಟಿಯಾಗಿ ಉಳಿದ. ಬಾವುಟ ಮೇಲೆದ್ದಿತು. ಆಫ್‌ಸೈಡ್, ದಾಳಿ ಅಲ್ಲಿಗೇ ಮುಗಿಯಿತು.

ಕ್ಪಾಕ್ಪೊ ಎದ್ದು ನಿಂತುಬಿಟ್ಟ. ಅಲೆ ಒಡೆಯುವವರೆಗೆ ದೋಣಿಯನ್ನು ಹಿಡಿದು, ಒಡೆದ ಕ್ಷಣಕ್ಕೆ ಎಲ್ಲರೂ ಒಮ್ಮೆಲೇ ನೂಕುವುದು ಹೀಗೆಯೇ. ಒಬ್ಬ ಮುಂದಾದರೂ ದೋಣಿ ಮಗುಚುತ್ತದೆ, ಒಬ್ಬ ಹಿಂದಾದರೂ ಮಗುಚುತ್ತದೆ.

“ಇದು ಇವನಪ್ಪನ ಕೂಗು, ನನ್ನ ತಮ್ಮಂದು” ಎಂದ. “ಆ ಪರದೇಶಿಗಳಿಗೆ ನಮ್ಮ ಕೂಗು ಕಲಿಸಿಬಿಟ್ಟಿದಾನಲ್ಲೇ, ಕಳ್ಳ!”

“ಮೆಲ್ಲಗೆ ಮಾತಾಡಿ ಭಾವ, ದಂಡ ಹಾಕ್ತಾರೆ.”

ಪಂದ್ಯ ಗೋಲಿಲ್ಲದೆ ಮುಗಿಯಿತು. ಅಂದರೆ ಏನೂ ಆಗಲಿಲ್ಲ. ಅಂಗಳದವರು ಶಬ್ದ ಮಾಡದೆ ಕೈ ಎತ್ತಿ ಕುಣಿದರು. ಕ್ಪಾಕ್ಪೊ ಅಡೋಲೆಯ ಪಕ್ಕ ಬಂದು ಕುಕ್ಕರುಗಾಲಲ್ಲಿ ಕುಳಿತ.

“ಅವನು ಆಗ್ಲೇ ತಾಂಡೇಲ ಆಗಿದಾನೆ ತಾಯಿ. ದೋಣಿಗೆ ನಾನು ಬೇರೆಯವ್ರನ್ನ ನೋಡ್ಕೋತೀನಿ. ಆದ್ರೆ ಕರೆಯೋದು ಬಿಡೋದು ನಿನಗೆ ಬಿಟ್ಟಿದ್ದು.”

ಅರ್ಧ ಗಂಟೆಯಲ್ಲಿ ಫೋನು ಬಂತು. ಅಯಿಕ್ವೇಯ ದನಿ ಮತ್ತೆ ಮನೆಯ ದನಿಯಾಗಿತ್ತು, ತಗ್ಗಿದ್ದು, ನಾಚಿಕೆಯದ್ದು.

“ನೋಡಿದ್ಯಾಮ್ಮ?”

“ಕೇಳಿಸ್ಕೊಂಡೆ.”

“ಏನು ಹೇಳ್ತೀಯ ಹಾಗಾದ್ರೆ?”

‘ಬಾ’ ಎಂಬ ಒಂದಕ್ಷರ ಹನ್ನೊಂದು ವರ್ಷದಿಂದ ಅಡೋಲೆಯ ನಾಲಿಗೆಯ ತುದಿಯಲ್ಲೇ ಇತ್ತು. ಈಗಲೂ ಇತ್ತು. ಆದರೆ ನೂಕುವವರು ಅಲೆಯಲ್ಲಿ ನಿಂತಿರುವಾಗ ತಾಂಡೇಲನನ್ನು ಯಾವ ಹೆಂಗಸೂ ದಡಕ್ಕೆ ಕರೆದದ್ದಿಲ್ಲ.

“ಅಲ್ಲೇ ಇರಪ್ಪ. ಆ ಹುಡುಗರು ನಿನ್ನ ಮಾತು ಕೇಳ್ತಾವೆ.”

ಆ ಕಡೆಯಿಂದ ಅವನೆಂದ: “ನೀನು ಬಾ ಅಂತೀಯ ಅಂದ್ಕೊಂಡು ಚೀಲ ಕಟ್ಟಿಟ್ಟಿದ್ದೆ ಅಮ್ಮ.”

ಅಡೋಲೆ ಕೈಯಿಂದ ಬಾಯಿ ಮುಚ್ಚಿಕೊಂಡು ಅಳು ನುಂಗಿದಳು. ಆಮೇಲೆ, “ಬಿಚ್ಚಿಡು ಮಗಾ” ಎಂದಳು.