ಕೆಂಪು ಬಟ್ಟೆ ಕಟ್ಟಿದ ಪೈಪು

ಅಪ್ಪ ತೀರಿಕೊಂಡ ದಿನ ಟ್ರ್ಯಾಕ್ಟರ್ ತೊಳೆದವನು ನಾನು. ಇದನ್ನು ಮೊದಲು ಹೇಳಬೇಕು. ಆ ದಿನ ಆಮೇಲೆ ನಡೆದದ್ದು ಅಲ್ಲಿಂದಲೇ ಶುರುವಾಯಿತು.

ನಮ್ಮೂರು ಸಿರುಗುಪ್ಪ ತಾಲ್ಲೂಕಿನಲ್ಲಿ, ರಾರಾವಿಯ ಕಡೆ. ಊರಲ್ಲಿ ಯಾರೇ ಸತ್ತರೂ ಕುಣಿ ತೋಡುವುದು ನಮ್ಮ ಮನೆಯ ಪಾಲಿಗೆ ಬಂದ ಕೆಲಸವಾಗಿತ್ತು. ಅಜ್ಜ ತೋಡಿದ, ಅಪ್ಪ ತೋಡಿದ. ಯಾರಾದರೂ ಕೇರಿಯ ಮೂಲೆಯಲ್ಲಿ ನಿಂತು ಕೂಗಿದರೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಗುದ್ದಲಿಯನ್ನು ಹೊರಗಿಡುತ್ತಿದ್ದಳು. ಅಪ್ಪನ ಹತ್ತಿರ ಅಳತೆಯ ಟೇಪು ಇರಲಿಲ್ಲ. ಕುಣಿಯೊಳಗೆ ತಾನೇ ನಿಂತು ನೋಡುತ್ತಿದ್ದ. ಮೇಲಿನ ನೆಲ ತನ್ನ ಎದೆಮಟ್ಟ ಬಂದರೆ ಸಾಕು. ಅಪ್ಪ ಗಿಡ್ಡ ಮನುಷ್ಯ. ಊರಿನಲ್ಲಿ ಮಣ್ಣಾದವರು, ಇದ್ದವರಾಗಲಿ ಇಲ್ಲದವರಾಗಲಿ, ಬಹುಪಾಲು ಅಪ್ಪನ ಎದೆಯ ಆಳದಲ್ಲೇ ಮಲಗಿದ್ದಾರೆ.

ನಾನು ಬಳ್ಳಾರಿಯಲ್ಲಿ ಪತ್ರಿಕೆಯ ಕೆಲಸ ಹಿಡಿದೆ. ಊರಲ್ಲಿ ಉಳಿದ ತಮ್ಮ ಭತ್ತದ ಗದ್ದೆ ಕಲಸಲು ಒಂದು ಸಣ್ಣ ಟ್ರ್ಯಾಕ್ಟರ್ ತಂದ. ಎರಡು ವರ್ಷದ ಮೇಲೆ ಕುರುಗೋಡಿನ ಒಂದು ಶೆಡ್ಡಿನಲ್ಲಿ ಅದಕ್ಕೆ ಹಿಂದೆ ಕಟ್ಟುವ ತೋಡುವ ಬಕೆಟ್ ಮಾಡಿಸಿದ: ಮಡಚುವ ಕಬ್ಬಿಣದ ತೋಳು, ತುದಿಯಲ್ಲಿ ಹಲ್ಲಿನ ಬಕೆಟ್, ಪಕ್ಕದಲ್ಲಿ ಹಿಡಿಕೆಗಳು. ಬದು ಕಡಿಯಲು, ಪೈಪು ಹೂಳಲು ಎಂದು ಹೇಳಿದನಾದರೂ ನಿಜವಾದ ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ನಮ್ಮ ಸುಡುಗಾಡು ಹಳ್ಳದ ದಂಡೆಯಲ್ಲಿದೆ. ಅಲ್ಲಿಗೆ ಕಾಲುವೆ ಏರಿಯ ಮೇಲೆ ಹೋಗಬೇಕು, ಎರಡೂ ಕಡೆ ನೀರು ನಿಂತ ಗದ್ದೆ. ದೊಡ್ಡ ಮಿಷನ್ ಆ ಏರಿಯ ಮೇಲೆ ಹಿಡಿಸುವುದಿಲ್ಲ.

ಬಕೆಟ್ ಬಂದ ದಿನ ನಾನು ಊರಲ್ಲಿದ್ದೆ. ಅಪ್ಪ ಅದರ ಸುತ್ತ ಎರಡು ಸುತ್ತು ಬಂದ.

‘ಇನ್ನಮ್ಯಾಲ ನಮ್ಮ ಮನ್ಯಾಗ ಯಾರೂ ಗುದ್ದಲಿ ಹಿಡಿಯಂಗಿಲ್ಲ,’ ಎಂದ. ‘ನನ್ನ ಕುಣಿನೂ ಇದಾ ತೋಡಬೇಕು. ಕೇಳಿದ್ಯೇನಲೇ?’

‘ನಿನ್ನ ಕುಣಿಗೆ ಇಷ್ಟು ದೊಡ್ಡ ಬಕೆಟ್ ಯಾಕಪ್ಪ?’ ಎಂದ ತಮ್ಮ. ‘ನೀ ಇರೋ ಎತ್ತರಕ್ಕ ಅವ್ವನ ಸೌಟು ಸಾಕು.’

‘ಸೌಟು ಮುಟ್ಟಿದ್ರ ನಿಮ್ಮವ್ವ ಕುಣ್ಯಾಗೂ ಬಿಡಂಗಿಲ್ಲ ನನ್ನ.’

ಅದೇ ವಾರ ಅಪ್ಪ ಮನೆಯ ಗುದ್ದಲಿ, ಹಾರೆ, ಸಲಿಕೆ ಎಲ್ಲವನ್ನೂ ಗುಜರಿಯವನಿಗೆ ಹಾಕಿಬಿಟ್ಟ. ಅವ್ವ ಒಂದನ್ನಾದರೂ ಇಟ್ಟುಕೋ ಎಂದಳು. ಅವನು ಕೇಳಲಿಲ್ಲ.

ಬಕೆಟ್ ಕಟ್ಟುವುದಕ್ಕೆ ಇಬ್ಬರು ಬೇಕು. ತಮ್ಮ ಸೀಟಿನಲ್ಲಿ ಕೂತು ಟ್ರ್ಯಾಕ್ಟರನ್ನು ಹಿಂದಕ್ಕೆ ತರುತ್ತಿದ್ದ. ಅಪ್ಪ ಹಿಂದೆ ನಿಂತು ಪಿನ್ನು ಹಾಕಿ, ಎಣ್ಣೆಯ ಪೈಪು ಜೋಡಿಸುತ್ತಿದ್ದ. ಪೈಪುಗಳು ಎರಡು. ಒಂದರಲ್ಲಿ ಪಂಪಿನಿಂದ ಎಣ್ಣೆ ಒತ್ತಿಕೊಂಡು ಬಕೆಟ್‌ಗೆ ಹೋಗುತ್ತದೆ, ಇನ್ನೊಂದರಲ್ಲಿ ವಾಪಸು ಬರುತ್ತದೆ. ಬಕೆಟ್ ಬಿಚ್ಚಿಟ್ಟಾಗ ಟ್ರ್ಯಾಕ್ಟರ್ ಕಡೆಯ ಎರಡೂ ಬಾಯಿಗಳನ್ನು ಒಂದು ತುಂಡು ಪೈಪಿನಿಂದ ಕೂಡಿಸಬೇಕು. ಇಲ್ಲದಿದ್ದರೆ ಎಣ್ಣೆಗೆ ದಾರಿ ಇಲ್ಲದೆ ಪಂಪು ಕೆಡುತ್ತದೆ. ಸಾಮಾನ್ಯವಾಗಿ ಎರಡು ಪೈಪಿಗೂ ಬೇರೆ ಬೇರೆ ಬಾಯಿ ಇರುತ್ತವೆ, ಅದಲು ಬದಲು ಮಾಡಿದರೆ ಕೂಡುವುದೇ ಇಲ್ಲ. ಕುರುಗೋಡಿನ ಶೆಡ್ಡಿನಲ್ಲಿ ಅವತ್ತು ಒಂದೇ ನಮೂನೆಯವು ಸಿಕ್ಕವು, ಅವನ್ನೇ ಹಾಕಿದ್ದರು. ಹೀಗಾಗಿ ಅಪ್ಪ ತನ್ನ ಹಳೆಯ ಕೆಂಪು ರುಮಾಲಿನ ಅಂಚು ಹರಿದು ಒತ್ತುವ ಪೈಪಿಗೆ ಕಟ್ಟಿದ್ದ. ಬಕೆಟ್ ಕಡೆಯ ಬಾಯಿಯ ಮೇಲೆ ಅದಕ್ಕೆ ಸರಿಯಾಗಿ ಕೆಂಪು ಬಣ್ಣದ ಬೊಟ್ಟು ಇಟ್ಟಿದ್ದ. ಪ್ರತಿ ಸಲವೂ ಇಂಜಿನ್ ಬಂದ್ ಮಾಡಿಸಿ, ಹಿಡಿಕೆಗಳನ್ನು ಆಚೆ ಈಚೆ ಆಡಿಸಿ, ‘ಉಸಿರು ಬಿಡ್ಲಿ ತಡಿ’ ಎಂದು ಸ್ವಲ್ಪ ಹೊತ್ತು ಕಾಯುತ್ತಿದ್ದ. ಆಮೇಲೆ ಪೈಪಿಗೆ ಕೈ ಹಚ್ಚುತ್ತಿದ್ದ. ತಮ್ಮ ಸೀಟಿನಿಂದ ಇಳಿಯುತ್ತಿರಲಿಲ್ಲ, ಇಳಿಯುವ ಪ್ರಸಂಗ ಬಂದಿರಲಿಲ್ಲ.

ಅಪ್ಪ ಹೋದದ್ದು ನಸುಕಿನಲ್ಲಿ, ನಿದ್ದೆಯಲ್ಲೇ. ಬಳ್ಳಾರಿಯ ಗಾಂಧಿನಗರದ ನನ್ನ ಮನೆಗೆ ಅವ್ವನ ಫೋನು ಬಂತು. ಊರಿನ ದಾರಿಯಲ್ಲಿ ಮೋಕ ದಾಟುವಾಗ ತಮ್ಮ ಫೋನು ಮಾಡಿ, ಬಿಸಿಲು ಇಳಿಯುವುದರೊಳಗೆ ಮಣ್ಣು ಮಾಡಬೇಕು, ಕುಣಿ ಮಿಷನ್ನಿನಲ್ಲೇ ತೋಡುತ್ತೇನೆ ಎಂದ. ‘ಅಪ್ಪ ಹೇಳಿದ್ದು ನೆನಪೈತೆಲ್ಲಣ್ಣ?’ ಎಂದು ಕೇಳಿದ. ನೆನಪಿದೆ ಎಂದೆ.

ನಾನು ಹೋದಾಗ ಅಪ್ಪನನ್ನು ಮನೆಯ ಮುಂದೆ ಮಲಗಿಸಿದ್ದರು. ಟ್ರ್ಯಾಕ್ಟರ್ ಪಕ್ಕದಲ್ಲಿ ನಿಂತಿತ್ತು. ವಾರದಿಂದ ಗದ್ದೆ ಕೆಲಸಕ್ಕೆ ಹೋಗಿದ್ದರಿಂದ ಬಕೆಟ್ ಬಿಚ್ಚಿಟ್ಟಿದ್ದರು. ಗಾಲಿಯಿಂದ ಸೀಟಿನವರೆಗೆ ಕೆಸರು ಒಣಗಿ ಹತ್ತಿತ್ತು. ಕುಣಿ ಆದ ಮೇಲೆ ಅಪ್ಪನನ್ನು ಒಯ್ಯುವುದೂ ಇದರ ಹಿಂದೆ ಕಟ್ಟುವ ಟ್ರಾಲಿಯಲ್ಲೇ. ಜನ ಬರುತ್ತಿದ್ದರು. ನನಗೆ ಅಳು ಬರಲಿಲ್ಲ, ಕೂರುವುದೂ ಆಗಲಿಲ್ಲ. ಕೊಡ ತಂದು ಟ್ರ್ಯಾಕ್ಟರ್ ತೊಳೆದೆ. ಹಿಂಭಾಗದ ಪೈಪಿಗೆ ಕೆಸರು, ಎಣ್ಣೆ ಮೆತ್ತಿದ ಒಂದು ಚಿಂದಿ ಸುತ್ತಿಕೊಂಡಿತ್ತು. ಬಣ್ಣ ಗೊತ್ತಾಗುವ ಹಾಗಿರಲಿಲ್ಲ. ಗಂಟು ಬಿಚ್ಚಲು ಬರಲಿಲ್ಲ, ಬ್ಲೇಡಿನಿಂದ ಕೊಯ್ದು ಚರಂಡಿಗೆ ಒಗೆದೆ. ಬೇಡವಾದದ್ದನ್ನು ತೆಗೆಯುವುದು ನಾನು ಪತ್ರಿಕೆಯ ಡೆಸ್ಕಿನಲ್ಲಿ ದಿನವೂ ಮಾಡುವ ಕೆಲಸ.

ತಮ್ಮ ಟ್ರ್ಯಾಕ್ಟರನ್ನು ಬಕೆಟ್ ಹತ್ತಿರಕ್ಕೆ ಹಿಂದಕ್ಕೆ ತಂದ. ಅಭ್ಯಾಸದ ಮೇಲೆ ತಿರುಗಿ, ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ನೋಡಿದ. ಆಮೇಲೆ ತಾನೇ ಇಳಿದ. ತುಂಡು ಪೈಪು ಬಿಚ್ಚಿ, ಎರಡು ಕೈಯಲ್ಲಿ ಎರಡು ಪೈಪು ಹಿಡಿದು ನಿಂತ.

‘ಅಣ್ಣ, ಇಲ್ಲೊಂದು ಬಟ್ಟಿ ಇತ್ತಲ್ಲ?’

‘ಹೊಲಸಾಗಿತ್ತು. ಕೊಯ್ದು ಒಗದೆ.’

ಅವನು ಸಿಟ್ಟಾಗಲಿಲ್ಲ. ‘ಯಾವ ಪೈಪಿಗಿತ್ತು?’ ಎಂದಷ್ಟೇ ಕೇಳಿದ.

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ನಾನು ವರದಿಗಾರರಿಗೆ ಹೇಳುತ್ತ ಬಂದದ್ದು ಒಂದೇ ಮಾತು: ಖಾತ್ರಿ ಇಲ್ಲದಿದ್ದರೆ ಇಲ್ಲ ಅನ್ನಿ. ಅಂಗಳದ ತುಂಬ ಜನ, ಬಿಸಿಲು ಏರುತ್ತಿತ್ತು, ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ.

‘ಎಡಕಿಂದಕ್ಕ,’ ಎಂದೆ.

ಅವನು ಎಡಗೈಯಲ್ಲಿದ್ದ ಪೈಪನ್ನು ಕೆಂಪು ಬೊಟ್ಟಿನ ಬಾಯಿಗೆ ಕೂಡಿಸಿದ.

ಸುಡುಗಾಡಿನಲ್ಲಿ ಸೋದರಮಾವ ಜಾಗ ಗುರುತು ಮಾಡಿ ಅರಿಶಿನ ನೀರು ಚಿಮುಕಿಸಿದ್ದ. ಅಪ್ಪನ ಜತೆ ಮಣ್ಣು ಎತ್ತುತ್ತಿದ್ದವನು ಅವನು. ಅವನ ಇಬ್ಬರು ಮಕ್ಕಳೂ ಬಂದಿದ್ದರು. ತಮ್ಮ ಇಂಜಿನ್ ಏರಿಸಿ ಹಿಡಿಕೆ ಎಳೆದ. ತೋಳು ಕೆಳಗೆ ಹೋಗುವ ಬದಲು ಮೇಲಕ್ಕೆ ಒಂದು ಗೇಣು ಜಿಗಿಯಿತು. ತಟ್ಟನೆ ಒಂದು ಸದ್ದಾಯಿತು. ಹಿಡಿಕೆಗಳ ಬುಡದಿಂದ ಎಣ್ಣೆ ಚಿಮ್ಮಿ ಅರಿಶಿನದ ಮೇಲೆ ಬಿತ್ತು. ತಮ್ಮ ಇಂಜಿನ್ ಆರಿಸಿದ. ನೆಲದಲ್ಲಿ ಬಕೆಟ್ಟಿನ ಒಂದು ಹಲ್ಲಿನ ಗುರುತೂ ಬಿದ್ದಿರಲಿಲ್ಲ.

ಕುರುಗೋಡಿಗೆ ಫೋನು ಹಚ್ಚಿದೆವು. ಸ್ಪೀಕರಿನಲ್ಲಿ ಮೇಸ್ತ್ರಿಯ ದನಿ ಎಲ್ಲರಿಗೂ ಕೇಳುತ್ತಿತ್ತು.

‘ಪೈಪು ಅದಲು ಬದಲು ಮಾಡೀರಿ ನೋಡ್ರಿ. ಸೀಲು ಹೋಗೈತಿ, ಇನ್ನೊಮ್ಮಿ ಸ್ಟಾರ್ಟ್ ಮಾಡಬ್ಯಾಡ್ರಿ, ಪಂಪೂ ಹೋಗತೈತಿ. ನಾಳಿ ಮುಂಜಾನಿ ಸಾಮಾನು ತಗೊಂಡು ಬರ್ತೀನಿ. ಅಲ್ಲಪ, ಎಂದೂ ಆಗಿದ್ದಿಲ್ಲ, ಇವತ್ಯಾಕ ಹಿಂಗಾತು? ನಿಮ್ಮಪ್ಪಗ ಕೊಡು ಫೋನು, ಅವಗ ಗೊತ್ತೈತಿ ಯಾವುದು ಯಾವುದಕ್ಕ ಅಂತ.’

ತಮ್ಮ ಫೋನನ್ನು ಮಾವನ ಕೈಗೆ ಕೊಟ್ಟು ಹಳ್ಳದ ಕಡೆ ನಡೆದ. ಸುದ್ದಿ ಹೇಳಿದವನು ಮಾವ.

ಅಷ್ಟು ಹೊತ್ತಿಗೆ ಊರಿನ ಹಿರಿಯರೊಬ್ಬರು ಏರಿಯ ಮೇಲೆ ಬಂದು ನಿಂತಿದ್ದರು. ಅವರ ತಂದೆಯ ಕುಣಿ, ತಾಯಿಯ ಕುಣಿ ಎರಡನ್ನೂ ಅಪ್ಪ ತೋಡಿದ್ದ.

‘ಮಿಷನ್ ನೆಚ್ಚಿಕೊಂಡು ಕುಂದ್ರಬಾರದು,’ ಎಂದರು. ‘ಯಾರನರ ಕರೆಸಬೇಕಿತ್ರಲೇ.’

‘ಯಾರನ್ನ ಕರೆಸೋಣ್ರೀ ಗೌಡ್ರ?’ ಎಂದ ಮಾವ. ‘ಕುಣಿ ಅಂದ್ರ ನೀವು ಕರೀತಿದ್ದ ಮನಿಷಾ ಮನಿ ಮುಂದ ಮಲಗ್ಯಾನ.’

ಗೌಡರು ತಿರುಗಿ ಊರ ಕಡೆ ನಡೆದರು. ಸ್ವಲ್ಪ ಹೊತ್ತಿನ ಮೇಲೆ ಅವರ ಮನೆಯಿಂದ ಎರಡು ಗುದ್ದಲಿ, ಒಂದು ಹಾರೆ, ಒಂದು ಸಲಿಕೆ ಬಂದವು. ತಂದವನು ಅವುಗಳನ್ನು ಏರಿಯ ಮೇಲೆ ಇಟ್ಟು ಹೋದ.

ಮಾವ ಮತ್ತು ಅವನ ಮಕ್ಕಳು ಶುರು ಮಾಡಿದರು. ಮೇಲಿನ ಮೊಣಕಾಲುದ್ದ ಎರೆಮಣ್ಣು, ಅದರ ಕೆಳಗೆ ಕಲ್ಲು ಬೆರೆತ ಗಟ್ಟಿ ಗರಸು. ಹುಡುಗರಿಬ್ಬರೂ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರು, ಗುದ್ದಲಿ ಎತ್ತಲು ಗೊತ್ತಿತ್ತು, ಇಳಿಸಲು ಗೊತ್ತಿರಲಿಲ್ಲ. ಅದು ಗರಸಿಗೆ ಬಡಿದು ಪುಟಿಯುತ್ತಿತ್ತು. ಮಾವನಿಗೆ ಗೊತ್ತಿತ್ತು, ಆದರೆ ಅವನಿಗೆ ಅರವತ್ತೈದು. ಬಿಸಿಲು ನೆತ್ತಿ ದಾಟಿದಾಗ ಕುಣಿ ಸೊಂಟದಷ್ಟೂ ಆಗಿರಲಿಲ್ಲ.

ಸತ್ತವರ ಮನೆಯವರು ಕುಣಿಗೆ ಕೈ ಹಚ್ಚಬಾರದು ಎಂಬುದು ನಮ್ಮಲ್ಲಿ ನೇಮ. ಮಿಷನ್ ತೋಡಿದರೆ ಅದು ಕೈ ಹಚ್ಚಿದ ಲೆಕ್ಕವಲ್ಲ. ಅಪ್ಪ ಅಜ್ಜನ ಕುಣಿ ತೋಡಿರಲಿಲ್ಲ, ದೂರ ಕೂತು ನೋಡಿದ್ದ. ಅವತ್ತು ತಮ್ಮ ಅಂಗಿ ಬಿಚ್ಚಿ ಇಳಿದ.

‘ಬ್ಯಾಡೋ,’ ಎಂದ ಮಾವ.

‘ಮತ್ಯಾರು ತೋಡ್ತಾರ, ಹೇಳು.’

ಮಾವ ತನ್ನ ಗುದ್ದಲಿಯನ್ನು ಅವನ ಕೈಗೆ ಕೊಟ್ಟು ಮೇಲೆ ಹತ್ತಿದ. ತಮ್ಮ ತೋಡತೊಡಗಿದ. ಅಪ್ಪ ಕಲಿಸದಿದ್ದರೂ ಗುದ್ದಲಿ ಅಪ್ಪನ ಹಾಗೇ ಇಳಿಯುತ್ತಿತ್ತು: ಮೊದಲು ಅಂಚು, ಆಮೇಲೆ ನಡು. ನಾನು ದಂಡೆಯ ಮೇಲೆ ನಿಂತು ಸಲಿಕೆಯಿಂದ ಮಣ್ಣು ಹಿಂದಕ್ಕೆ ಸರಿಸಿದೆ. ಪಕ್ಕದಲ್ಲಿ ತೊಳೆದ ಟ್ರ್ಯಾಕ್ಟರ್ ಹೊಳೆಯುತ್ತ ನಿಂತಿತ್ತು. ಅದರ ಕೆಳಗೆ ಎಣ್ಣೆ ಇನ್ನೂ ಹನಿಯುತ್ತಿತ್ತು.

ನೆಲ ತಮ್ಮನ ಹೊಟ್ಟೆಯ ಮಟ್ಟಕ್ಕೆ ಬಂದಾಗ ಮಾವ ತಡೆದ. ‘ಸಾಕೇನ ನೋಡ್ರಿ.’

‘ನನ್ನ ಎದಿಮಟ ಆಗಿಲ್ಲಲ್ಲ,’ ಎಂದ ತಮ್ಮ.

‘ನಿನ್ನ ಎದಿ ಯಾರು ಕೇಳ್ಯಾರಲೇ, ಒಂಟಿಯಂಗ ಉದ್ದ ಬೆಳದೀ. ಊರ ಮಂದಿಗೆಲ್ಲ ನಿಮ್ಮಪ್ಪ ತನ್ನ ಎದಿಮಟ ತಗದ. ಅವಗೂ ಅದಾ ಅಳತಿ.’ ನನ್ನ ಕಡೆ ತಿರುಗಿದ. ‘ನೀ ಇಳಿ. ನಿಂದು ಅವನ ಎತ್ತರಾನ.’

ಮನೆಯಲ್ಲಿ ಅಪ್ಪನ ಎತ್ತರ ಬಂದದ್ದು ನನಗೊಬ್ಬನಿಗೆ. ಚಪ್ಪಲಿ ಬಿಚ್ಚಿ ಇಳಿದೆ. ಒಳಗೆ ಮಣ್ಣು ತಣ್ಣಗಿತ್ತು. ತಮ್ಮ ಮೂಲೆಗೆ ಸರಿದು ಜಾಗ ಕೊಟ್ಟ. ಅವನ ಅಂಗೈ ಒಡೆದು ಗುದ್ದಲಿಯ ಹಿಡಿಯ ಮೇಲೆ ರಕ್ತ ಅಂಟಿತ್ತು. ಇಬ್ಬರ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ.

‘ಎಡಕಿಂದು ಅಂತ ನನಗ ಖಾತ್ರಿ ಇರಲಿಲ್ಲ,’ ಎಂದೆ. ‘ಗೊತ್ತಿಲ್ಲ ಅನ್ನಬೇಕಿತ್ತು.’

ಅವನು ನನ್ನ ಮುಖ ನೋಡಲಿಲ್ಲ. ಕುಣಿಯ ಅಂಚನ್ನೇ ನೋಡುತ್ತಿದ್ದ.

‘ನೆಟ್ಟಗ ನಿಂದ್ರಣ್ಣ,’ ಎಂದ. ‘ಬಾಗಬ್ಯಾಡ. ಅಳತಿ ತಪ್ಪತೈತಿ.’

ನೆಟ್ಟಗೆ ನಿಂತೆ. ಮಾವ ಮೇಲಿನಿಂದ ಬಗ್ಗಿ, ನನ್ನ ಎದೆಗೂ ನೆಲದ ಅಂಚಿಗೂ ಕೈ ಹಿಡಿದು ನೋಡಿದ.

‘ಇನ್ನೊಂದು ಗೇಣು,’ ಎಂದ.

ನಾನು ಮೇಲೆ ಹತ್ತಲಿಲ್ಲ. ತಮ್ಮನ ಕೈಯಿಂದ ಗುದ್ದಲಿ ಇಸಿದುಕೊಂಡೆ.