ಕುಲ್ಫಿ ಕಚ್ಚಿದ ಮೇಲೆ ಬಂದ ದನಿ

ಬಂಗಾರಪೇಟೆಯ ಮಿಠಾಯಿ ಅಂಗಡಿಗೆ ಹೊಸದಾಗಿ ಬಂದ ಕುಲ್ಫಿಯನ್ನು ಕಚ್ಚಿದ್ದೇ ತಡ, ನನ್ನ ನಾಲಿಗೆ ಮರಗಟ್ಟಿತು. ಮೇಷ್ಟರು, ಕಂಡಕ್ಟರು, ನಮ್ಮಪ್ಪನ ಗೊರಕೆ, ಏನನ್ನೂ ಬಿಡದೆ ಅಣಕಿಸುವ ಬಾಯಿಂದ ‘ಬ್ಬ ಬ್ಬ’ ಬಿಟ್ಟರೆ ಬೇರೇನೂ ಹೊರಡಲಿಲ್ಲ.

ಎದುರಿಗಿದ್ದ ಸರಸು ಬಿದ್ದು ಬಿದ್ದು ನಕ್ಕಳು. “ದೇವ್ರವ್ನೆ ಕಣ್ಲಾ! ಕೊನೆಗೂ ನಿನ್ ಬಾಯಿಗೆ ಬೀಗ ಬಿತ್ತು.”

ನಮ್ಮೂರು ಚಾಂಪಿಯನ್ ರೀಫ್ಸಿನಲ್ಲಿ ಅವಳದು ನಮ್ಮ ಪಕ್ಕದ ಮನೆ. ಅವರಪ್ಪನಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿ, ಮಾರನೆಯ ದಿನವೇ ಮನೆಮಂದಿಯೆಲ್ಲ ಊರು ಬಿಡುವವರಿದ್ದರು. ಕಾಲೇಜು ಮುಗಿಸಿ ಊರಿಗೆ ಹೋಗುವ ಮಾರಿಕುಪ್ಪಂ ರೈಲಿಗೆ ಕಾಯುವ ಹೊತ್ತಿನಲ್ಲಿ, ಒಂದು ಮಾತು ಹೇಳಬೇಕೆಂದೇ ಅವಳನ್ನು ಕುಲ್ಫಿಗೆ ಕರೆದಿದ್ದೆ. ಬೇರೆ ಯಾರ ದನಿಯಲ್ಲಿ ಹೇಳಿದರೂ ಅದು ತಮಾಷೆಯಾಗಿಬಿಡುತ್ತಿತ್ತು. ನಾಲಿಗೆ ಹೊರಳುತ್ತಲೇ ನನ್ನದೇ ದನಿಯಲ್ಲಿ ಅಂದೆ: “ಓಗ್ಬೇಡ ಸರಸು.”

ಅವಳು ಕಡ್ಡಿ ಚೀಪುತ್ತಾ ಯೋಚಿಸಿದಳು. “ಇದ್ಯಾರ್ ದನಿಲಾ? ಗೊತ್ತಾಗ್ಲಿಲ್ಲ. ಇನ್ನೊಂದ್ ಸಾರಿ ಮಾಡು.”

ನಾನು ಅಂಗಡಿ ಯಜಮಾನರನ್ನು ಅಣಕಿಸಿದೆ. ಅವಳು ರೈಲು ಬರುವವರೆಗೂ ನಗುತ್ತಲೇ ಇದ್ದಳು.

ಈಗಲೂ ಗೆಳೆಯರು ಸುತ್ತ ಕೂತು ಅವರಿವರ ದನಿ ಮಾಡಿಸುತ್ತಾರೆ. ಅವಳು ‘ಇನ್ನೊಂದ್ ಸಾರಿ ಮಾಡು’ ಅಂದಿದ್ದನ್ನು ಮಾತ್ರ ಒಬ್ಬನೇ ಇದ್ದಾಗ ಹೇಳಿ ನೋಡುತ್ತೇನೆ. ಈಗ ಚೆನ್ನಾಗಿಯೇ ಬರುತ್ತದೆ.